ಕುವೈತಿನಿಂದ ಬಂದ ಗಿಲಕಿ

ಉರ್ವ, ಮಂಗಳೂರು
12 ಮೇ 2024

ಪ್ರೀತಿಯ ಬ್ರೆಂಡಾ,

ಮೊದಲ ಪತ್ರದಲ್ಲೇ ಬೈಯಬಾರದು ಎಂದುಕೊಂಡಿದ್ದೆ. ಆದರೆ ನೀನು ಕಪಾಟಿನ ಬಾಗಿಲಿಗೆ ಅಂಟಿಸಿ ಹೋದ ‘ಮಗುವಿನ ಆಟದ ಪಟ್ಟಿ’ಯಲ್ಲಿ ಎಂಟು ತಪ್ಪುಗಳಿವೆ. ಮೂವತ್ತೊಂದು ವರ್ಷ ಎರಡನೇ ಕ್ಲಾಸಿಗೆ ಕನ್ನಡ ಕಲಿಸಿದವಳ ಮಗಳು ಹೀಗೆ ಬರೆದರೆ ನನ್ನ ಮರ್ಯಾದೆ ಏನಾಗಬೇಕು? ಕೆಂಪು ಪೆನ್ನಿನಲ್ಲಿ ತಿದ್ದಿದ್ದೇನೆ. ಹತ್ತಕ್ಕೆ ಆರು ಅಂಕ.

ಪಟ್ಟಿಯ ಕೆಲಸ ಮಾತ್ರ ಚಾಚೂ ತಪ್ಪದೆ ನಡೆಯುತ್ತಿದೆ. ಮೂರು ತಿಂಗಳಿಗೆ ದಿನಕ್ಕೆ ನಾಲ್ಕು ಸಲ ಕವುಚಿ ಮಲಗಿಸಿ ಆಡಿಸಬೇಕು ಎಂದಿದ್ದೀ. ಶೆರ್ವಿನ್‌ಗೆ ಅದು ಸ್ವಲ್ಪವೂ ಇಷ್ಟವಿಲ್ಲ. ಮೂಗು ಚಾಪೆಗೆ ಒತ್ತಿಕೊಂಡು ಅಳುತ್ತಾನೆ. ಹಾಗಾಗಿ ನಾನೂ ಅವನ ಎದುರು ಕವುಚಿ ಮಲಗುತ್ತೇನೆ. ನನ್ನ ಮುಖ ಕಂಡರೆ ತಲೆ ಎತ್ತುತ್ತಾನೆ, ನಾನು ಹುಬ್ಬು ಕುಣಿಸಿದರೆ ನಗುತ್ತಾನೆ. ಅರವತ್ತಾರನೇ ವಯಸ್ಸಿನಲ್ಲಿ ನೆಲಕ್ಕೆ ಇಳಿಯುವುದು ಸುಲಭ, ಏಳುವಾಗ ಎಲ್ಲ ಸಂತರನ್ನೂ ಹೆಸರು ಹಿಡಿದು ಕರೆಯಬೇಕಾಗುತ್ತದೆ. ಎದುರು ಓಣಿಯ ಉಮಾವತಿ ಬೆಳಿಗ್ಗೆ ಬಂದು ಎಣ್ಣೆ ತಿಕ್ಕಿ ಮೀಯಿಸಿ ಹೋಗುತ್ತಾಳೆ. ಅವಳ ಕಾಲ ಮೇಲೆ ಮಲಗಿದರೆ ಇವನು ದೊಡ್ಡ ಸಾಹುಕಾರ.

ಆದಿತ್ಯವಾರದ ವಿಡಿಯೋ ಕಾಲಿನ ಬಗ್ಗೆ ಸಿಟ್ಟು ಬೇಡ. ನೀನು ಆಚೆ ಬಾಯಿ ಆಡಿಸುತ್ತೀ, ನನಗೆ ಒಂದಕ್ಷರವೂ ಕೇಳುವುದಿಲ್ಲ. ಮಗುವಿನ ಮುಖ ತೋರಿಸುತ್ತೇನೆ, ಅವನು ನಿನ್ನನ್ನು ನೋಡಿ ನಗುತ್ತಾನೆ, ಅಷ್ಟು ಸಾಕು. ಮಾತು ಕಾಗದದಲ್ಲಿರಲಿ, ಮನೆಯಲ್ಲಿ ಕೊಂಕಣಿಯಾದರೂ ಕಾಗದ ಕನ್ನಡದಲ್ಲಿ ಎಂಬ ನಮ್ಮ ರೂಢಿಯೂ ಉಳಿಯುತ್ತದೆ. ಕಾಗದ ಒಯ್ಯಲು ಬಜಪೆಯಲ್ಲಿ ಕುವೈತಿನ ವಿಮಾನ ಹತ್ತುವ ನಮ್ಮವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ನೀನು ತೆಗೆಸಿಕೊಟ್ಟ ಕಿವಿಯ ಯಂತ್ರದ ಸುದ್ದಿ ಎತ್ತಬೇಡ. ಅದನ್ನು ಹಾಕಿಕೊಂಡು ಇಗರ್ಜಿಗೆ ಹೋದರೆ ಅದು ಕೀ ಎಂದು ಕೂಗುತ್ತದಂತೆ, ಪಕ್ಕದವರೆಲ್ಲ ತಿರುಗಿ ನೋಡುತ್ತಾರೆ. ಜಪಮಾಲೆಯ ಡ್ರಾವರಿನಲ್ಲಿ ಅದು ಸುಖವಾಗಿದೆ. ಬಸ್ಸಿನ ಹಾರ್ನು, ಪಾದ್ರಿಗಳ ದೊಡ್ಡ ಸ್ವರ ನನಗೆ ಹಾಗೆಯೇ ಕೇಳುತ್ತದೆ.

ಲಯನೆಲ್ ಹಡಗಿನಿಂದ ಮಗನ ಫೋಟೋ ಕೇಳಿದ್ದಾನೆ, ಕಳಿಸಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಮಮ್ಮಿ


ಕುವೈತ್
2 ಜೂನ್ 2024

ಪ್ರೀತಿಯ ಮಮ್ಮಿ,

ಆರು ಅಂಕ ಸಿಕ್ಕಿತು. ನಾನು ಪಾಸು.

ಮಕ್ಕಳ ವಾರ್ಡಿಗೇ ಹಾಕಿದ್ದಾರೆ. ಯಾರದೋ ಮಗು ಅತ್ತರೆ ನನ್ನ ಎದೆ ಒದ್ದೆಯಾಗುತ್ತದೆ. ಯೂನಿಫಾರ್ಮಿನ ಒಳಗೆ ಹತ್ತಿ ಇಟ್ಟುಕೊಂಡು ಡ್ಯೂಟಿ ಮಾಡುತ್ತೇನೆ. ಈಗ ಕೆಲಸ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಕಾಂಟ್ರಾಕ್ಟ್ ಮುಗಿಯಲು ಇನ್ನೂ ಒಂದೂವರೆ ವರ್ಷ ಉಂಟು ಎಂದು ದಿನಾ ನನಗೆ ನಾನೇ ಹೇಳಿಕೊಳ್ಳುತ್ತೇನೆ. ನೀವು ಅವನ ಎದುರು ಕವುಚಿ ಮಲಗಿದ್ದನ್ನು ಓದಿ ನಗು ಬಂತು, ಆಮೇಲೆ ಹೊಟ್ಟೆಕಿಚ್ಚಾಯಿತು.

ಒಂದು ವಿಷಯ ಮರೆಯಬೇಡಿ. ಹುಟ್ಟಿದ ಮೂರನೇ ದಿನ ಅವನ ಕಿವಿಯ ಪರೀಕ್ಷೆ ಮಾಡಿದಾಗ ಎರಡೂ ಕಡೆ ‘ಮತ್ತೊಮ್ಮೆ ಮಾಡಿಸಿ’ ಎಂದು ಬಂದಿತ್ತಲ್ಲ. ಹುಟ್ಟಿದಾಗ ಕಿವಿಯಲ್ಲಿ ನೀರಿದ್ದರೆ ಹಾಗೆ ಬರುತ್ತದೆ, ಹೆಚ್ಚಿನ ಮಕ್ಕಳಿಗೆ ಏನೂ ಇರುವುದಿಲ್ಲ, ನಾನೇ ಎಷ್ಟೋ ತಾಯಂದಿರಿಗೆ ಹೀಗೆ ಹೇಳಿ ಕಳಿಸಿದ್ದೇನೆ. ಆದರೂ ಮಾಡಿಸಲೇಬೇಕು. ಜೂನ್ ಹದಿಮೂರು, ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ ಹೆಸರು ಬರೆಸಿದ್ದೇನೆ. ಚೀಟಿ ಅವನ ಫೈಲಿನಲ್ಲಿ ಉಂಟು. ಆಟೋದಲ್ಲಿ ಹೋಗಿ, ಬಸ್ಸು ಬೇಡ.

ಈ ಕಾಗದ ತರುವವರ ಕೈಯಲ್ಲಿ ಒಂದು ಹಳದಿ ಗಿಲಕಿ ಕಳಿಸಿದ್ದೇನೆ. ಅವನಿಗೆ ಕಾಣದ ಹಾಗೆ ಹಿಂದಿನಿಂದ ಅಲ್ಲಾಡಿಸಿ, ಒಮ್ಮೆ ಎಡಗಡೆ, ಒಮ್ಮೆ ಬಲಗಡೆ. ಶಬ್ದ ಬಂದ ಕಡೆ ತಿರುಗುವುದು ಈ ತಿಂಗಳುಗಳ ಆಟ. ತಿರುಗಿದ ದಿನ ನನಗೆ ಬರೆಯಿರಿ, ತಾರೀಕು ಹಾಕಿ.

ನಿಮ್ಮ ಬ್ರೆಂಡಾ


ಉರ್ವ
23 ಜೂನ್ 2024

ಪ್ರೀತಿಯ ಬ್ರೆಂಡಾ,

ಪರೀಕ್ಷೆ ಆಯಿತು. ಏನೂ ತೊಂದರೆ ಇಲ್ಲ.

ಹೊಸ ಆಟ ಒಂದನ್ನು ಶುರುಮಾಡಿದ್ದೇವೆ, ನಿನ್ನ ಪಟ್ಟಿಯಲ್ಲಿ ಇದು ಎಂಟನೇ ತಿಂಗಳಿಗೆ ಉಂಟು, ನನ್ನ ವಿದ್ಯಾರ್ಥಿ ಮುಂದಿದ್ದಾನೆ. ನಿನ್ನ ಪಪ್ಪನ ನೀಲಿ ಚೌಕಳಿ ಕರವಸ್ತ್ರ ನೆನಪಿದೆಯಾ? ಅದನ್ನು ಮುಖಕ್ಕೆ ಹಿಡಿಯುತ್ತೇನೆ. ಅವನ ಕೈಕಾಲು ಆಡುವುದು ನಿಲ್ಲುತ್ತದೆ. ಲೋಕದಲ್ಲಿ ಅಜ್ಜಿ ಇಲ್ಲ. ಕರವಸ್ತ್ರ ಇಳಿಸುತ್ತೇನೆ, ಅಜ್ಜಿ ಬಂದಳು. ಆಗ ಅವನ ಇಡೀ ಮೈ ನಗುತ್ತದೆ ಬ್ರೆಂಡಾ, ಹೆಬ್ಬೆರಳಿನ ತನಕ. ಒಂದು ದಿನಕ್ಕೆ ಐವತ್ತು ಸಲ ಸತ್ತು ಹುಟ್ಟುತ್ತಿದ್ದೇನೆ. ಅವನಿಗೆ ಸಾಕಾಗುವುದಿಲ್ಲ.

ಮಳೆ ಹಿಡಿದಿದೆ. ಬಟ್ಟೆ ಒಣಗುವುದಿಲ್ಲ. ಗಿಲಕಿ ತಲುಪಿತು.

ನಿನ್ನ ಮಮ್ಮಿ


ಉರ್ವ
11 ಆಗಸ್ಟ್ 2024

ಪ್ರೀತಿಯ ಬ್ರೆಂಡಾ,

ನೀನು ಕಳಿಸಿದ ಗಿಲಕಿ ಪ್ರಯೋಜನವಿಲ್ಲ. ನೋಡಲು ಚಂದ ಉಂಟು, ಒಳಗೆ ಏನೂ ಇಲ್ಲದ ಹಾಗೆ. ಪರದೇಶದ ಸಾಮಾನು ಎಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೀ. ಅವನು ಅದನ್ನು ಬಾಯಿಗೆ ಹಾಕಿಕೊಂಡು ಜಗಿಯುತ್ತಾನೆ, ಅಷ್ಟಕ್ಕೆ ಆದೀತು.

ಆರು ತಿಂಗಳಾಯಿತು. ಆಧಾರ ಕೊಟ್ಟರೆ ಕೂರುತ್ತಾನೆ. ಕನ್ನಡಿಯ ಎದುರು ಕೂರಿಸಿದರೆ ಅಲ್ಲಿರುವ ಹುಡುಗನನ್ನು ತಟ್ಟುತ್ತಾನೆ. ನಾನು ಹಿಂದೆ ನಿಂತು ಬಾಯಿ ಉಬ್ಬಿಸಿದರೆ ಕನ್ನಡಿಯೊಳಗಿಂದಲೇ ನನ್ನನ್ನು ನೋಡಿ ತಾನೂ ಉಬ್ಬಿಸುತ್ತಾನೆ. ನನ್ನ ಮುಖದಿಂದ ಕಣ್ಣು ತೆಗೆಯುವುದಿಲ್ಲ. ಕ್ಲಾಸಿನಲ್ಲಿ ಇಂಥ ಗಮನ ನಲವತ್ತು ಮಕ್ಕಳಲ್ಲಿ ಒಬ್ಬನಿಗೂ ಇರಲಿಲ್ಲ.

ಉಮಾವತಿಯನ್ನು ಬಿಡಿಸಿದ್ದೇನೆ. ಮಾತು ಜಾಸ್ತಿಯಾಯಿತು. ಮೀಯಿಸಲು ನನಗೇ ಬರುತ್ತದೆ, ನಿನ್ನನ್ನು ಮೀಯಿಸಿದ್ದು ಯಾರು?

ನಿನ್ನ ಮಮ್ಮಿ


ಕುವೈತ್
15 ಸೆಪ್ಟೆಂಬರ್ 2024

ಪ್ರೀತಿಯ ಮಮ್ಮಿ,

ಉಮಾವತಿಯನ್ನು ಏಕೆ ಬಿಡಿಸಿದಿರಿ? ಅವಳು ನಿಮಗೆ ಕಿವಿಯಾಗಿಯೂ ಇದ್ದಳು. ಗಂಟೆ ಬಾರಿಸಿದರೆ, ಕುಕ್ಕರ್ ಕೂಗಿದರೆ ಹೇಳುವವರು ಯಾರು? ನಿಮ್ಮ ಸಿಟ್ಟು ನನಗೆ ಗೊತ್ತು, ಒಂದು ವಾರದಲ್ಲಿ ಇಳಿಯುತ್ತದೆ. ಇಳಿದ ಮೇಲೆ ಕರೆಯಿರಿ.

ಗಿಲಕಿ ಸರಿಯಾಗಿತ್ತು ಮಮ್ಮಿ. ಕಟ್ಟುವ ಮೊದಲು ಅಲ್ಲಾಡಿಸಿ ನೋಡಿದಾಗ ರೂಮ್‌ಮೇಟ್ ಬೈದಳು. ದಾರಿಯಲ್ಲಿ ಏನಾದರೂ ಒಡೆಯಿತೋ ಏನೋ.

ಈಗ ಅವನು ಬಾ ಬಾ, ದಾ ದಾ ಎಂದು ಶುರುಮಾಡಬೇಕು. ಏನೇನು ಸ್ವರ ಮಾಡುತ್ತಾನೆ ಎಂದು ಬರೆಯಿರಿ. ವಿಡಿಯೋದಲ್ಲಿ ನನಗೆ ನಗು ಮಾತ್ರ ಕೇಳಿಸುತ್ತದೆ, ಉಳಿದದ್ದು ನಿಮ್ಮ ಫ್ಯಾನಿನ ಶಬ್ದ. ನಾನಿಲ್ಲದಾಗ ಅವನು ಹೇಳುವ ಮೊದಲನೇ ಮಾತು ಯಾವುದು ಎಂದು ನನಗೆ ಗೊತ್ತಿರಬೇಕು. ಅಷ್ಟಾದರೂ ನನಗೆ ಬೇಕು.

ನಿಮ್ಮ ಬ್ರೆಂಡಾ


ಉರ್ವ
6 ಅಕ್ಟೋಬರ್ 2024

ಪ್ರೀತಿಯ ಬ್ರೆಂಡಾ,

ಏನು ಸ್ವರ ಮಾಡುತ್ತಾನೆ ಎಂದು ಹೋಗಿ ಹೋಗಿ ಈ ಕಿವುಡಿಯ ಹತ್ತಿರ ಕೇಳಿದ್ದೀಯಲ್ಲ, ನಿನ್ನ ಬುದ್ಧಿಗೆ ಏನು ಹೇಳಲಿ! ಮಾಡುತ್ತಾನೆ. ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ನೀನು ಬಂದ ಮೇಲೆ ನೀನೇ ಕೇಳು.

ಕಳೆದ ತಿಂಗಳು ಮೊಂತಿ ಹಬ್ಬಕ್ಕೆ, ಮಾತೆ ಹುಟ್ಟಿದ ದಿನ, ಅವನನ್ನು ಇಗರ್ಜಿಗೆ ಕರೆದುಕೊಂಡು ಹೋಗಿದ್ದೆ. ಬಿಳಿ ಅಂಗಿ, ಕೈಯಲ್ಲಿ ಒಂದು ಗೊಂಡೆ ಹೂ. ಮಾತೆಯ ಮುಂದೆ ಹೂ ಹಾಕು ಎಂದರೆ ನನ್ನ ಮುಖಕ್ಕೆ ಹಾಕಿದ. ಮೆರವಣಿಗೆಯ ಬ್ಯಾಂಡಿನವರು ನಮ್ಮ ಪಕ್ಕದಲ್ಲೇ ಒಂದು ಮೊಳ ದೂರದಲ್ಲಿ ಹೋದರು. ಡೋಲಿನ ಗುದ್ದು ನನ್ನ ಎದೆಗೂ ಬಡಿಯಿತು. ಅವನು ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದ, ಏಳಲಿಲ್ಲ. ಎಷ್ಟು ಒಳ್ಳೆಯ ಮಗು ಎಂದರು ಎಲ್ಲರೂ.

ಚೆಂಡು ಕೊಟ್ಟು ತೆಗೆದುಕೊಳ್ಳುವ ಆಟ ಬಂದಿದೆ. ನಾನು ಉರುಳಿಸುತ್ತೇನೆ, ಅವನು ತಡೆದು ಹಿಂದೆ ತಳ್ಳುತ್ತಾನೆ, ತನ್ನ ಸರದಿ ಮುಗಿದ ಮೇಲೆ ಕೈ ಕಟ್ಟಿ ಕಾಯುತ್ತಾನೆ. ಕರವಸ್ತ್ರವನ್ನು ಈಗ ಅವನೇ ಎಳೆಯುತ್ತಾನೆ. ನಾನು ಇಳಿಸುವ ತನಕ ತಾಳ್ಮೆ ಇಲ್ಲ. ಎಳೆದು, ನನ್ನ ಬಾಯಿಗೆ ಬೆರಳು ಇಟ್ಟು ನೋಡುತ್ತಾನೆ, ಅಲ್ಲಿಯೇ ಉಂಟಾ ಎಂದು.

ನಿನ್ನ ಮಮ್ಮಿ


ಕುವೈತ್
10 ನವೆಂಬರ್ 2024

ಪ್ರೀತಿಯ ಮಮ್ಮಿ,

ಬ್ಯಾಂಡು ಪಕ್ಕದಲ್ಲಿ ಹೋದರೂ ಏಳಲಿಲ್ಲವೇ? ಆ ಸಾಲನ್ನು ಮೂರು ಸಲ ಓದಿದೆ. ಪರೀಕ್ಷೆ ಸರಿಯಾಗಿ ಬಂದಿದೆಯಲ್ಲ, ಮಕ್ಕಳು ಸುಸ್ತಾದರೆ ಹಾಗೆಯೇ ಮಲಗುತ್ತಾರೆ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ನರ್ಸುಗಳಿಗೆ ತಮ್ಮ ಮಕ್ಕಳಲ್ಲಿ ಇಲ್ಲದ ರೋಗವೆಲ್ಲ ಕಾಣುತ್ತದೆ.

ಕ್ರಿಸ್ಮಸ್ಸಿಗೆ ರಜೆ ಸಿಗಲಿಲ್ಲ. ಬೇರೊಂದು ಗಿಲಕಿ ಕಳಿಸುತ್ತಿದ್ದೇನೆ.

ನಿಮ್ಮ ಬ್ರೆಂಡಾ


ಉರ್ವ
18 ಡಿಸೆಂಬರ್ 2024

ಬ್ರೆಂಡಾ ಬಾಯಿಯವರಿಗೆ ಉಮಾವತಿ ಮಾಡುವ ನಮಸ್ಕಾರ.

ನಿಮ್ಮ ಅಡ್ರೆಸ್ ಹಿಂದೆ ನೀವು ಕಳಿಸಿದ ಪಾರ್ಸೆಲಿನ ರಟ್ಟಿನಲ್ಲಿ ಇತ್ತು, ನಾನು ಇಟ್ಟುಕೊಂಡಿದ್ದೆ. ನಾನು ಏಳನೇ ಕ್ಲಾಸ್ ತನಕ ಓದಿದ್ದು, ತಪ್ಪಿದ್ದರೆ ಟೀಚರಿಗೆ ತೋರಿಸಬೇಡಿ. ತೋರಿಸಲೇಬೇಡಿ.

ಆಟಿ ತಿಂಗಳಲ್ಲಿ, ಆಗಸ್ಟ್ ಮೊದಲ ವಾರ ಇರಬೇಕು, ಒಂದು ದಿನ ಮಗುವನ್ನು ಕಾಲಿನ ಮೇಲೆ ಹಾಕಿಕೊಂಡು ಮೀಯಿಸುತ್ತಾ ಇದ್ದೆ. ನನ್ನ ಮೊಣಕೈ ತಾಗಿ ತಾಮ್ರದ ಹಂಡೆಯ ಮುಚ್ಚಳ ಕಲ್ಲಿನ ಮೇಲೆ ಬಿತ್ತು. ಆ ಶಬ್ದಕ್ಕೆ ನಾನೇ ಹಾರಿಬಿದ್ದೆ, ಆಚೆ ಮನೆಯ ನಾಯಿ ಬೊಗಳಿತು. ಮಗು ರೆಪ್ಪೆ ಸಹ ಅಲ್ಲಾಡಿಸಲಿಲ್ಲ ಬಾಯಿ. ನನ್ನ ಮುಖ ನೋಡಿ ನಗುತ್ತಾ ಇತ್ತು. ಮತ್ತೆ ನಾನು ಎರಡು ದಿನ ಬೇಕೆಂದೇ ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿದೆ. ಎಂತ ಸಹ ಇಲ್ಲ. ನಾನು ಇಪ್ಪತ್ತು ವರ್ಷದಿಂದ ಮಕ್ಕಳನ್ನು ಮೀಯಿಸುವವಳು, ನನಗೆ ಗೊತ್ತಾಗುತ್ತದೆ.

ಟೀಚರ್ ಹತ್ತಿರ ಹೇಳಿದೆ. ಅವರ ಎದುರು ನಿಂತು, ನನ್ನ ಬಾಯಿ ಕಾಣುವ ಹಾಗೆ ಹೇಳಿದೆ. ಅವರು ನಾಳೆಯಿಂದ ಬರಬೇಡ ಎಂದರು. ನಾನು ಬೇಜಾರು ಮಾಡಿಕೊಂಡು ಸುಮ್ಮನಿದ್ದೆ, ಅದು ನನ್ನ ತಪ್ಪು.

ಮೊನ್ನೆ ಉರ್ವ ಮಾರ್ಕೆಟಿನಲ್ಲಿ ಸಿಕ್ಕಿದರು, ಮಗು ಸೊಂಟದಲ್ಲಿ. ಬಸ್ಸಿನವನು ಕಿವಿಯ ಹತ್ತಿರ ಹಾರ್ನ್ ಹೊಡೆದ. ಎಲ್ಲರೂ ತಿರುಗಿದರು, ಮಗು ತಿರುಗಲಿಲ್ಲ. ಟೀಚರ್ ಮೊದಲು ಬಸ್ಸನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಅವರಿಗೆ ಗೊತ್ತುಂಟು ಬಾಯಿ. ನೀವು ಬನ್ನಿ.

ಉಮಾವತಿ


ಕುವೈತ್
5 ಜನವರಿ 2025

ಮಮ್ಮಿ,

ಜೂನ್ ಹದಿಮೂರರ ಪರೀಕ್ಷೆಯ ಕಾಗದದ ಫೋಟೋ ಕಳಿಸಿ. ಒಂದೇ ಕಾಗದ ಇರುತ್ತದೆ, ಕೆಳಗೆ ಸಹಿ ಇರುತ್ತದೆ. ಆಸ್ಪತ್ರೆಗೆ ನಾನೇ ಫೋನ್ ಮಾಡಿ ಕೇಳಬಹುದಿತ್ತು. ಮೊದಲು ನಿಮ್ಮಿಂದ ತಿಳಿಯಬೇಕು ಎಂದು ಮಾಡಲಿಲ್ಲ.

ಬ್ರೆಂಡಾ


ಉರ್ವ
14 ಜನವರಿ 2025

ಬ್ರೆಂಡಾ,

ಕಾಗದ ಇಲ್ಲ. ಪರೀಕ್ಷೆ ಆಗಲಿಲ್ಲ.

ಅಂದು ಎಂಟೂವರೆಗೇ ಹೋಗಿದ್ದೆ. ಅವನಿಗೆ ಹಸಿರು ಟೊಪ್ಪಿ ಹಾಕಿದ್ದೆ. ಒಂದು ಉದ್ದದ ಬೆಂಚು, ಎದುರಿನ ಗೋಡೆಯ ಮೇಲೆ ಕಿವಿಯ ದೊಡ್ಡ ಚಿತ್ರ. ಒಂದು ಹುಡುಗಿ ಬಾಗಿಲಿಗೆ ಬಂದು ಒಬ್ಬೊಬ್ಬರ ಹೆಸರು ಕರೆದು ಒಳಗೆ ಹೋಗುತ್ತಿದ್ದಳು. ಅವಳು ಮಾಸ್ಕ್ ಹಾಕಿದ್ದಳು ಬ್ರೆಂಡಾ. ಬಾಯಿ ಕಾಣದಿದ್ದರೆ ನನ್ನ ಪಾಲಿಗೆ ಯಾರೂ ಏನೂ ಹೇಳಿಲ್ಲ. ಪಕ್ಕದವರಿಗೆ, ಶೆರ್ವಿನ್ ಎಂದರೆ ನನ್ನನ್ನು ತಟ್ಟಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಕಡೆಯ ಕೆಲವು ವರ್ಷ ಕ್ಲಾಸಿನಲ್ಲಿಯೂ ಕೇಳಿಸಿದ ಹಾಗೆ ತಲೆ ಆಡಿಸಿಯೇ ಕಳೆದವಳು ನಾನು. ಅಲ್ಲಿಯೂ ಹಾಗೆಯೇ ಕೂತೆ. ಅವನು ರಗಳೆ ಮಾಡಿದಾಗ ಕರವಸ್ತ್ರ ತೆಗೆದು ಆಡಿಸಿದೆ. ಆ ಆಟ ಹುಟ್ಟಿದ್ದು ಆ ಬೆಂಚಿನ ಮೇಲೆ. ನಾವು ಆಡುತ್ತಿರುವಾಗ ಅವಳು ನಮ್ಮನ್ನು ಕರೆದಳು.

ಒಂದೂವರೆಗೆ ಬೆಂಚು ಖಾಲಿಯಾಗುತ್ತಾ ಬಂತು. ಎದ್ದು ಹೋಗಿ ಚೀಟಿ ತೋರಿಸಿದೆ. ಅವಳು ಮಾಸ್ಕ್ ಇಳಿಸಿ, “ಮೂರು ಸಲ ಕರೆದೆ ಅಜ್ಜಿ, ನಿಮಗೆ ಕಿವಿ ಕೇಳುದಿಲ್ವಾ?” ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮುಂದಿನ ಗುರುವಾರ ಬನ್ನಿ ಎಂದು ಚೀಟಿಯ ಹಿಂದೆ ಬರೆದೂ ಕೊಟ್ಟಳು. ಉಳಿದಿದ್ದ ನಾಲ್ಕು ಮಂದಿ ನನ್ನನ್ನು ನೋಡಿದರು. ಅವರೂ ಕಿವಿಯ ತೊಂದರೆಗೇ ಬಂದವರು, ಆದರೂ ನನಗೆ ನೆಲಕ್ಕೆ ಇಳಿದ ಹಾಗಾಯಿತು. ಮುಂದಿನ ಗುರುವಾರ ನಾನು ಹೋಗಲಿಲ್ಲ, ಪರೀಕ್ಷೆ ಆಯಿತು ಎಂದು ನಿನಗೆ ಸುಳ್ಳು ಬರೆದೆ. ಹೆಚ್ಚಿನ ಮಕ್ಕಳಿಗೆ ಏನೂ ಇರುವುದಿಲ್ಲ ಎಂದು ನೀನೇ ಬರೆದಿದ್ದೆಯಲ್ಲ, ಅದನ್ನು ಹಿಡಿದುಕೊಂಡೆ.

ಗಿಲಕಿಯನ್ನು ನೀನು ಹೇಳಿದ ಹಾಗೆ ಹಿಂದಿನಿಂದ ಅಲ್ಲಾಡಿಸಿದೆ. ಎಡಕ್ಕೆ, ಬಲಕ್ಕೆ. ತಿರುಗಲಿಲ್ಲ. ನನಗೂ ಅದರ ಶಬ್ದ ಕೇಳಿರಲಿಲ್ಲ, ಆದ್ದರಿಂದ ಗಿಲಕಿಯೇ ಸರಿಯಿಲ್ಲ ಎಂದು ನಂಬಿದೆ. ಅದು ಸುಳ್ಳಲ್ಲ, ನಿಜವಾಗಿಯೂ ನಂಬಿದ್ದೆ. ಆಗಸ್ಟಿನ ಕಾಗದ ಬರೆಯುವ ಮೂರು ದಿನ ಮೊದಲು ಉಮಾವತಿ ಹೇಳಿದಳು. ಆಗ ಗೊತ್ತಾಯಿತು. ಗೊತ್ತಾದ ಮೇಲೂ ಗಿಲಕಿಗೆ ಬೈದು ಬರೆದೆ. ಅಲ್ಲಿಂದ ಮುಂದಿನದ್ದೆಲ್ಲ ಸುಳ್ಳು.

ಏಕೆ ಎಂದು ನೀನು ಕೇಳುತ್ತೀ. ನೀನು ಕೆಲಸ ಬಿಟ್ಟು ಬರಬಾರದು ಎಂದು, ಲಯನೆಲ್‌ನ ಮನೆಯವರು ಇದು ನಿಮ್ಮ ಕಡೆಯಿಂದ ಬಂದದ್ದು ಎನ್ನಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಇತ್ತು. ಆದರೆ ಅದಲ್ಲ. ಬ್ರೆಂಡಾ, ಹತ್ತು ವರ್ಷದಿಂದ ಈ ಊರಿನಲ್ಲಿ ಎಲ್ಲರಿಗೂ ನಾನು “ಎಂತ? ಎಂತ?” ಎಂದು ಕೇಳಿದವಳು. ನಿನಗೂ. ನೀನು ಎರಡನೇ ಸಲ ಹೇಳುವಾಗ ನಿನ್ನ ಮುಖ ಹೇಗಾಗುತ್ತದೆ ಎಂದು ನಿನಗೆ ಗೊತ್ತಿಲ್ಲ. ಇವನ ಹತ್ತಿರ ನಾನು ಒಮ್ಮೆಯೂ ‘ಎಂತ’ ಎನ್ನಬೇಕಾಗಲಿಲ್ಲ. ಹುಬ್ಬು, ಕಣ್ಣು, ಬೆರಳು, ಕರವಸ್ತ್ರ, ಅಷ್ಟರಲ್ಲಿ ನಮಗೆ ಎಲ್ಲವೂ ತಿಳಿಯುತ್ತಿತ್ತು. ಈ ಮನೆಯಲ್ಲಿ ನಾನು ಕಿವುಡಿಯಾಗಿರಲಿಲ್ಲ. ನಾನು ಸುಖವಾಗಿದ್ದೆ. ಡಾಕ್ಟರಲ್ಲಿಗೆ ಹೋದರೆ ಅವನನ್ನು ಸರಿಮಾಡಿಬಿಡುತ್ತಾರೆ ಎಂದು ಹೆದರಿದೆ. ಇದನ್ನು ಬರೆಯಲು ನನಗೆ ಐದು ತಿಂಗಳು ಬೇಕಾಯಿತು.

ಬ್ಯಾಂಡಿನ ಸುದ್ದಿಯನ್ನು ಬೇಕೆಂದೇ ಬರೆದೆ. ನೀನೇ ಕಂಡುಹಿಡಿದು ಬೈಯಲಿ ಎಂದು. ನೀನು ನನ್ನ ಮೇಲೆ ನಂಬಿಕೆ ಇಟ್ಟೆ.

ಮಮ್ಮಿ


ಉರ್ವ
22 ಜೂನ್ 2025

ಪ್ರೀತಿಯ ಬ್ರೆಂಡಾ,

ಕುವೈತಿನಿಂದ ನಿನ್ನ ಕಾಗದ ವಾರದೊಳಗೆ ಬರುತ್ತಿತ್ತು. ಬಜಪೆಯಿಂದ ಉರ್ವಕ್ಕೆ ನಾಲ್ಕು ತಿಂಗಳಾದರೂ ಬಂದಿಲ್ಲ. ಇದು ದೂರು ಹೇಳಿದ್ದಲ್ಲ. ಇದು ನಾನು ಬರೆಯುತ್ತಿರುವ ಆರನೆಯ ಕಾಗದ, ತಲುಪಿದರೆ ಸಾಕು.

ಫೆಬ್ರವರಿಯಲ್ಲಿ ಕೆಲಸ ಬಿಟ್ಟು ಬಂದ ದಿನ ನೀನು ಅವನನ್ನು ಎತ್ತಿಕೊಂಡು ಅವನ ಬಟ್ಟೆ, ಬಾಟಲಿ, ಫೈಲು ಎಲ್ಲ ಬ್ಯಾಗಿಗೆ ಹಾಕಿದೆ. ಒಂದು ಮಾತು ಆಡಲಿಲ್ಲ. ನನಗೆ ಕೇಳದಿದ್ದದ್ದಲ್ಲ, ನಿನ್ನ ಬಾಯಿಯನ್ನೇ ನೋಡುತ್ತಿದ್ದೆ, ಅದು ಅಲ್ಲಾಡಲಿಲ್ಲ. ಲಯನೆಲ್‌ನ ಬಜಪೆಯ ಮನೆಗೆ ಹೋಗುತ್ತೀ ಎಂದು ಆಟೋದವನು ನನಗೆ ಹೇಳಿದ. ಶೆರ್ವಿನ್ ಆಟೋದ ಹಿಂದಿನ ಗಾಜಿನಿಂದ ನನ್ನನ್ನು ನೋಡಿ ಎರಡು ಕೈಯಿಂದ ಮುಖ ಮುಚ್ಚಿ ತೆಗೆದ. ಆಟ ಎಂದು ತಿಳಿದುಕೊಂಡಿದ್ದ.

ಎರಡು ಕಿವಿಗೂ ಏನೂ ಕೇಳುವುದಿಲ್ಲ ಎಂದು ಬಂತಂತೆ. ಆಪರೇಷನ್ ಆಯಿತಂತೆ. ಎಲ್ಲ ಅಂತೆಗಳೂ ಉಮಾವತಿಯಿಂದ. ನೀನು ಅವಳಿಗೆ ಫೋನ್ ಮಾಡುತ್ತೀ ಎಂಬುದನ್ನು ಅವಳು ಮುಚ್ಚಿಡಲಿಲ್ಲ. ನಾನು ಅವಳ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವಳು ಚಹ ಮಾಡಿ ಕೊಟ್ಟಳು.

ಕನ್ನಡಿ ಮತ್ತು ಚೆಂಡು ಅವಳ ಕೈಯಲ್ಲಿ ಕಳಿಸಿದ್ದೇನೆ. ಕರವಸ್ತ್ರ ಕೊಡಲು ಮನಸ್ಸಾಗಲಿಲ್ಲ. ಹುಚ್ಚು ಎನ್ನು.

ನಿನ್ನ ಮಮ್ಮಿ


ಬಜಪೆ
24 ಆಗಸ್ಟ್ 2025

ಮಮ್ಮಿ,

ಎಲ್ಲ ಕಾಗದಗಳೂ ತಲುಪಿವೆ. ಉತ್ತರ ಬರೆಯಲು ಕೂತರೆ ಬೈಗುಳವೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ. ನಾನು ನಿಮ್ಮನ್ನು ಇನ್ನೂ ಕ್ಷಮಿಸಿಲ್ಲ. ಸುಳ್ಳು ಹೇಳಬಾರದು ಎಂದು ಅದನ್ನು ಮೊದಲೇ ಬರೆದೆ. ಮಗುವಿಗೆ ಆರು ತಿಂಗಳಾಗುವ ಮೊದಲೇ ಬಂದಿದ್ದರೆ ದಾರಿ ಇಷ್ಟು ಉದ್ದ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳುವಾಗ ನಾನು ಮಕ್ಕಳ ನರ್ಸ್ ಎಂದು ಅವರಿಗೆ ಹೇಳಲಿಲ್ಲ. ಒಂಬತ್ತು ತಿಂಗಳು ಫೋನಿನಲ್ಲಿ ಅವನ ನಗು ನೋಡಿ ನಂಬಿದವಳು ನಾನು. ನಿಮ್ಮ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು. ಇದು ನಿಮ್ಮ ಕಡೆಯಿಂದ ಬಂದದ್ದಲ್ಲ ಎಂದೂ ಡಾಕ್ಟರು ಹೇಳಿದರು, ನಿಮ್ಮದು ವಯಸ್ಸಿನ ಕಿವುಡು. ಅತ್ತೆಗೆ ಅದನ್ನು ಡಾಕ್ಟರ ಬಾಯಿಯಿಂದಲೇ ಹೇಳಿಸಿದೆ.

ಕಳೆದ ತಿಂಗಳು ಅವನ ಕಿವಿಯ ಯಂತ್ರಕ್ಕೆ ಮೊದಲ ಸಲ ಜೀವ ಕೊಟ್ಟರು. ತಲೆಯ ಒಳಗೆ ಒಂದು ಭಾಗ, ಹೊರಗೆ ಒಂದು ಭಾಗ. ಅವನಿಗೆ ಕಲಿಸುವ ಟೀಚರ್ ಚೈತಾಲಿ ಎಂದು, ಚಿಕ್ಕ ಹುಡುಗಿ. ಅವಳು ಒಂದು ಮಾತು ಕೇಳಿದಳು. “ಇವ ಮುಖ ನೋಡುದು, ಸರದಿ ಕಾಯುದು ಎಲ್ಲ ಎಷ್ಟು ಚಂದ ಕಲಿತಿದ್ದಾನೆ. ಯಾರು ಕಲಿಸಿದ್ದು?” ನನ್ನ ಅಮ್ಮ ಎಂದೆ. ಹೇಳಿದ ಮೇಲೆ ಹೊರಗೆ ಹೋಗಿ ಅತ್ತುಬಂದೆ.

ಮತ್ತೆ ಪಾಠ ಶುರುವಾಯಿತು. ಅವನು ಇನ್ನು ಕಿವಿಯಿಂದ ಕಲಿಯಬೇಕು, ಬಾಯಿ ನೋಡಿ ಊಹಿಸಬಾರದು. ಅದಕ್ಕೆ ಅವರು ಒಂದು ರಟ್ಟನ್ನು ಬಾಯಿಗೆ ಅಡ್ಡ ಹಿಡಿದು ಮಾತಾಡುತ್ತಾರೆ. ಚೈತಾಲಿ ರಟ್ಟನ್ನು ಮುಖಕ್ಕೆ ಹಿಡಿದು ‘ಶೆರ್ವಿನ್’ ಎಂದಳು. ಅವನು ಒಂದು ಗಳಿಗೆ ಅಲ್ಲಾಡದೆ ಕೂತ. ಆಮೇಲೆ ಎದ್ದು ತಟ್ಟಾಡುತ್ತಾ ಹೋಗಿ ಎರಡು ಕೈಯಿಂದ ರಟ್ಟನ್ನು ಎಳೆದು ಹಾಕಿದ. ಹಿಂದೆ ಚೈತಾಲಿ ಇದ್ದಳು. ಅವಳ ಮುಖ ನೋಡಿದ, ರಟ್ಟಿನ ಹಿಂಬದಿ ತಿರುಗಿಸಿ ನೋಡಿದ, ಮತ್ತೆ ಮೇಜಿನ ಅಡಿಯಲ್ಲಿ ಬಗ್ಗಿ ನೋಡಿದ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವನು ಯಾರನ್ನು ಹುಡುಕುತ್ತಿದ್ದಾನೆ ಎಂದು ನನಗೆ ಮಾತ್ರ ಗೊತ್ತಿತ್ತು.

ಈಗ ನೀವು ಬರಬೇಡಿ ಮಮ್ಮಿ. ಇದು ಸಿಟ್ಟಿನಿಂದ ಬರೆದದ್ದಲ್ಲ. ಚೈತಾಲಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ನಿಮ್ಮ ಮುಖ ಕಂಡರೆ ಅವನು ಕಿವಿಯನ್ನು ಮರೆಯುತ್ತಾನೆ. ಕಡಿಮೆ ಎಂದರೆ ಒಂದು ವರ್ಷ. ಅಷ್ಟರಲ್ಲಿ ಅವನು ನಿಮ್ಮ ಮುಖವನ್ನು ಮರೆಯಬಹುದು, ಅದೂ ನನಗೆ ಗೊತ್ತು.

ಬ್ರೆಂಡಾ


ಉರ್ವ
7 ಸೆಪ್ಟೆಂಬರ್ 2025

ಪ್ರೀತಿಯ ಬ್ರೆಂಡಾ,

ಬರುವುದಿಲ್ಲ. ಚೈತಾಲಿ ಹೇಳಿದ್ದು ಸರಿ, ಟೀಚರ್ ಹೇಳಿದ ಮೇಲೆ ಇನ್ನೊಬ್ಬ ಟೀಚರ್ ನಡುವೆ ಮಾತಾಡಬಾರದು. ಈ ಸಲ ನಿನ್ನ ಕಾಗದದಲ್ಲಿ ಒಂದೂ ತಪ್ಪಿಲ್ಲ. ಎರಡು ಸಲ ನೋಡಿದೆ.

ಗುರುವಾರ ಅದೇ ಆಸ್ಪತ್ರೆಗೆ ಹೋಗಿದ್ದೆ. ಅದೇ ಬೆಂಚು. ಹೋದ ಕೂಡಲೇ ಆ ಹುಡುಗಿಯ ಹತ್ತಿರ, ನನಗೆ ಕಿವಿ ಕೇಳುವುದಿಲ್ಲ, ನನ್ನ ಸರದಿ ಬಂದಾಗ ಬಂದು ಮುಟ್ಟಿ ಕರೆ ಎಂದೆ. ಇಷ್ಟೇ ಮಾತು. ಅವಳು ಬಂದು ಹೆಗಲು ಮುಟ್ಟಿದಳು. ಡ್ರಾವರಿನಲ್ಲಿದ್ದ ಯಂತ್ರವನ್ನು ನನ್ನ ಕಿವಿಗೆ ಸರಿಹೊಂದಿಸಿ ಕೊಟ್ಟರು. ಈಗ ಕೂಗುವುದಿಲ್ಲ.

ಮನೆಗೆ ಬಂದರೆ ಎಲ್ಲವೂ ಶಬ್ದ ಮಾಡುತ್ತಿವೆ. ನಲ್ಲಿ ತೊಟ್ಟಿಕ್ಕುತ್ತದೆ, ಕ್ಯಾಲೆಂಡರ್ ಗೋಡೆಗೆ ಬಡಿಯುತ್ತದೆ, ನನ್ನ ಚಪ್ಪಲಿಗೂ ಸ್ವರ ಉಂಟು. ಬಜಪೆಯ ಕಡೆ ಇಳಿಯುವ ವಿಮಾನವೂ ಕೇಳಿತು.

ಮಂಚದ ಅಡಿಯಲ್ಲಿ ನಿನ್ನ ಹಳದಿ ಗಿಲಕಿ ಸಿಕ್ಕಿತು. ಅವನು ಜಗಿದ ಗುರುತು ಇನ್ನೂ ಇದೆ. ಅವನನ್ನು ಕೂರಿಸುತ್ತಿದ್ದ ಚಾಪೆಯ ಹಿಂದೆ ಕೂತು, ನೀನು ಬರೆದಿದ್ದ ಹಾಗೆ ಎಡಗಡೆ ಒಮ್ಮೆ ಅಲ್ಲಾಡಿಸಿದೆ.

ಅದಕ್ಕೆ ಇಷ್ಟು ದೊಡ್ಡ ಶಬ್ದ ಉಂಟೆಂದು ನನಗೆ ಗೊತ್ತಿರಲಿಲ್ಲ ಬ್ರೆಂಡಾ. ಬಲಗಡೆ ಅಲ್ಲಾಡಿಸಲು ಕೈ ಏಳಲಿಲ್ಲ.

ನಿನ್ನ ಮಮ್ಮಿ
ಮಗ್ದಲೀನ್